ಓರೆಯಾಗಿ ನೆಟ್ಟ ಗಿಡ

ಲೋಳೆಸರಕ್ಕೆ ಸಾವಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ವಿಜಯಪುರದ ನಮ್ಮ ಮನೆಯ ತಲಬಾಗಿಲಿಗೆ ಅವ್ವ ಅದನ್ನು ಬುಡ ಮೇಲಾಗಿ ಕಟ್ಟುತ್ತಿದ್ದಳು, ದೃಷ್ಟಿ ತಾಗಬಾರದೆಂದು. ಮಣ್ಣಿಲ್ಲ, ನೀರಿಲ್ಲ, ಮೇಲೆ ನಮ್ಮ ಕಡೆಯ ಬ್ಯಾಸಗಿಯ ಬಿಸಿಲು. ಆದರೂ ಅದು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತಿತ್ತು. ಎಲೆಯ ತುದಿಗಳನ್ನು ಮೆಲ್ಲಗೆ ಬೆಳಕಿನ ಕಡೆಗೆ ಎತ್ತಿಕೊಳ್ಳುತ್ತಿತ್ತು. ಅದೇ ಕುಲದ ಇನ್ನೊಂದು ಗಿಡಕ್ಕೆ ಹದವಾದ ಮಣ್ಣು ಹಾಕಿ, ಒಳ್ಳೆಯ ಕುಂಡದಲ್ಲಿಟ್ಟು, ದಿನಾ ನೀರುಣಿಸಿದರೂ ಅದು ಕೊಳೆತು ಸಾಯುತ್ತದೆ ಎಂದು ಯಾರಾದರೂ ಆಗ ಹೇಳಿದ್ದರೆ ನಂಬುತ್ತಿರಲಿಲ್ಲ. ಅದನ್ನು ತಿಳಿಯಲು ಆಫ್ರಿಕದ ತೆಂಕಣ ತುದಿಯ ಲೆಸೊಥೋವರೆಗೆ ಹೋಗಬೇಕಾಯಿತು.

ನಾನು ಅಲ್ಲಿಗೆ ಹೋದದ್ದು ತೊಂಬತ್ತರ ದಶಕದ ಮೊದಲಲ್ಲಿ, ಭೂಗೋಳದ ಮೇಷ್ಟ್ರಾಗಿ. ಭಾರತದ ಅನೇಕ ಶಿಕ್ಷಕರು ಆಗ ಆ ದೇಶದ ಶಾಲೆಗಳಲ್ಲಿದ್ದರು. ಸುತ್ತಲೂ ದಕ್ಷಿಣ ಆಫ್ರಿಕವೇ ಇರುವ ಈ ಪುಟ್ಟ ರಾಜ್ಯದಲ್ಲಿ ತಗ್ಗು ಎನ್ನಬಹುದಾದ ಜಾಗವೇ ಇಲ್ಲ. ಅದರ ಅತಿ ಕೆಳಗಿನ ಬಿಂದುವೂ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ನನ್ನ ಶಾಲೆ ಇದ್ದದ್ದು ರಾಜಧಾನಿ ಮಸೇರುವಿನಿಂದ ಥಾಬಾ-ತ್ಸೇಕಾದ ಕಡೆಗೆ ಏರುವ ರಸ್ತೆಯ ಆಚೆಗಿನ ಒಂದು ಮಿಷನ್ ಆವರಣದಲ್ಲಿ. ದಾರಿಯಲ್ಲಿ ಬರುವ ಒಂದು ಕಣಿವೆಗೆ ಜನ ‘ದೇವರೇ ಕಾಪಾಡು’ ಎಂದೇ ಹೆಸರಿಟ್ಟಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನು ದಾಟಿದವರಿಗೆ ಆ ಹೆಸರಿನ ಬಗ್ಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಬಂದ ಹೊಸದರಲ್ಲಿ ಪರಕೀಯ ಅನ್ನಿಸದಂತೆ ಮಾಡಿದ್ದು ಎರಡು ಸಂಗತಿ. ಒಂದು, ಹಳ್ಳಿಗಳ ಸುತ್ತ ಬೇಲಿಯಾಗಿ ನಿಂತಿದ್ದ ಕತ್ತಾಳೆ. ಇನ್ನೊಂದು, ಕಾಲ ಕೆಳಗಿನ ಕರಿಕಲ್ಲು. ಲೆಸೊಥೋದ ಎತ್ತರದ ಬೆಟ್ಟಗಳೆಲ್ಲ ಸುಮಾರು 18 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾದ ಬಸಾಲ್ಟು. ನಮ್ಮ ವಿಜಯಪುರದ ನೆಲದಡಿಯ ಕಲ್ಲೂ ಬಸಾಲ್ಟೇ, ವಯಸ್ಸಿನಲ್ಲಿ ಮಾತ್ರ ಬಹಳ ಚಿಕ್ಕದು, 6.6 ಕೋಟಿ ವರ್ಷದ ಆಸುಪಾಸಿನದು. ನಮ್ಮಲ್ಲಿ ಆ ಕಲ್ಲು ಸವೆದು ಎರೆಮಣ್ಣಾಗಿ, ನೀರನ್ನು ಹಿಡಿದಿಟ್ಟುಕೊಂಡು ಬಿಳಿಜೋಳ ಬೆಳೆಸುತ್ತದೆ. ಅಲ್ಲಿ ಅದೇ ಕಲ್ಲು ಕಡಿದಾಗಿ ನಿಂತು, ನೀರನ್ನು ಒಂದು ಕ್ಷಣವೂ ನಿಲ್ಲಗೊಡದೆ ಕೆಳಗೆ ಕಳಿಸುತ್ತದೆ. ನಾನು ಹೇಳಹೊರಟಿರುವ ಗಿಡ ಬದುಕುವುದು ಈ ಎರಡನೆಯ ಗುಣದ ಮೇಲೆ.

ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಅಲೋ ಪಾಲಿಫಿಲಾ. 1934ರಲ್ಲಿ ನೆವಿಲ್ ಪಿಲನ್ಸ್ ಎಂಬ ದಕ್ಷಿಣ ಆಫ್ರಿಕದ ಸಸ್ಯವಿಜ್ಞಾನಿ ಅದನ್ನು ವಿಧಿವತ್ತಾಗಿ ವರ್ಣಿಸಿ ಪ್ರಕಟಿಸಿದ. ಲೆಸೊಥೋದ ಬಸೊಥೋ ಜನ ಅದನ್ನು ಖರೇತ್ಸಾ ಎನ್ನುತ್ತಾರೆ. ಲೆಸೊಥೋದ ಮಲೂಟಿ ಬೆಟ್ಟಗಳು ಅದರ ತವರು. 2,000 ಮೀಟರಿಗೂ ಮೇಲೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಎತ್ತರದಲ್ಲಿ, ಕಾಲು ಜಾರುವ ಇಳಿಜಾರುಗಳಲ್ಲಿ, ಬಂಡೆಯ ಬಿರುಕುಗಳಲ್ಲಿ ಅದು ಬೇರೂರುತ್ತದೆ.

ನನ್ನನ್ನು ಮೊದಲು ಅಲ್ಲಿಗೆ ಹತ್ತಿಸಿದವನು ಶಾಲೆಯ ಒಬ್ಬ ವಿದ್ಯಾರ್ಥಿ. ಶಾಲೆಗೆ ಸೇರುವ ಮುಂಚೆ ಕುರಿ ಕಾಯುತ್ತಿದ್ದ ಹುಡುಗ. ಇಪ್ಪತ್ತರ ಹತ್ತಿರದ ವಯಸ್ಸು, ಒಂಬತ್ತನೆಯ ಇಯತ್ತೆ. ಹೆಗಲಿಗೆ ಉಣ್ಣೆಯ ಕಂಬಳಿ, ಕಾಲಿಗೆ ಗಂಬೂಟು. ನಾನು ಕೈಯೂರಿ ಹತ್ತುತ್ತಿದ್ದ ಕಡೆ ಅವನು ಶಿಳ್ಳೆ ಹಾಕುತ್ತ ನಡೆಯುತ್ತಿದ್ದ. “ಸರ್, ಕೆಳಗೆ ನೋಡಬೇಡಿ, ಮುಂದೆ ನೋಡಿ” ಎಂದ. ಮುಂದೆ ನೋಡಿದಾಗ ಕಂಡದ್ದು ಮುಖದ ಮಟ್ಟದಲ್ಲಿ, ನನಗೇ ಎದುರಾಗಿ ತಿರುಗಿ ನಿಂತ ಗಿಡ. ಜಾತ್ರೆಯಲ್ಲಿ ಮಾರುವ ಕಾಗದದ ಗಿರಗಿಟ್ಲೆಯನ್ನು ಯಾರೋ ಬಂಡೆಗೆ ಸಿಕ್ಕಿಸಿ ಹೋದ ಹಾಗೆ. ದಪ್ಪ, ಮುಳ್ಳಂಚಿನ ಎಲೆಗಳು. ತುದಿ ಕಂದು ನೇರಳೆ. ಒಟ್ಟು ಐದು ಸಾಲು, ಒಂದೊಂದು ಸಾಲಿನಲ್ಲೂ 15ರಿಂದ 30 ಎಲೆ, ಐದೂ ನಡುವಿನಿಂದ ಸುರುಳಿ ಸುತ್ತುತ್ತ ಹೊರಗೆ ಬರುತ್ತವೆ. ಕಾಂಡವೆಂಬುದೇ ಇಲ್ಲ. ಬಲಿತ ಗಿಡ ಮುಕ್ಕಾಲು ಮೀಟರಿಗೂ ಹೆಚ್ಚು ಅಗಲವಾಗುತ್ತದೆ.

ಚೆಲುವನ್ನು ನೋಡಿ ಮುಗಿದ ಮೇಲೆ ಗಮನ ಹೋದದ್ದು ಸದ್ದಿನ ಕಡೆಗೆ. ಗಿಡದ ಹಿಂದೆ, ಸಡಿಲ ಕಲ್ಲುಗಳ ಸಂದಿಯಲ್ಲಿ, ನೀರು ಇಳಿಯುತ್ತಿತ್ತು. ಹಿಂದಿನ ದಿನ ಮಳೆಯಾಗಿತ್ತು. ಕಲ್ಲೊಂದನ್ನು ಹುಡುಗ ಸರಿಸಿದಾಗ ಬೆರಳಿಗೆ ತಾಗಿದ ಮಣ್ಣು ಹಸಿಯಾಗಿತ್ತು, ಬಿಸಿಲಿದ್ದರೂ ಐಸಿನಷ್ಟು ತಣ್ಣಗಿತ್ತು. ಎಲೆಗಳ ನಡುವೆ ಮಾತ್ರ ಒಂದು ಹನಿಯೂ ನಿಂತಿರಲಿಲ್ಲ. ಗಿಡ ನಿಂತದ್ದೇ ಓರೆಯಾಗಿ. ಮೇಲೆ ಬಿದ್ದ ನೀರು ಅಂಚಿನಿಂದ ಜಾರಿ ಹೋಗಲೇಬೇಕು. ಬೇಸಿಗೆಯಲ್ಲಿ ಮಳೆ, ಮೋಡ, ಚಳಿಗಾಲದಲ್ಲಿ ಹಿಮ. ಮರುಭೂಮಿಯ ಗಿಡದ ಮೈಕಟ್ಟು ಹೊತ್ತು ಹೊಳೆಯ ದಂಡೆಯ ಗಿಡದಷ್ಟು ನೀರು ಕುಡಿಯುವ ಜೀವಿ ಅದು.

ಅದನ್ನು ಬೆಳೆಸುವ ವಿದ್ಯೆಯನ್ನು ನಾನು ಕಲಿತದ್ದು ಮಿಷನ್ ಆವರಣದ ತೋಟಗಾರರಿಂದ. ಹಿರಿಯ ಗಂಡಸರನ್ನು ಅಲ್ಲಿ ನ್ತಾತೆ ಎಂದು ಕರೆಯುತ್ತಾರೆ. ಅವರು ನನಗೆ ನ್ತಾತೆ, ಮೇಷ್ಟ್ರಾದ್ದರಿಂದ ನಾನೂ ಅವರಿಗೆ ನ್ತಾತೆ. ಯೌವನವನ್ನು ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಕಳೆದು, ಕೆಮ್ಮು ಹೊತ್ತುಕೊಂಡು ಊರಿಗೆ ಮರಳಿದವರು. ಆ ಪೀಳಿಗೆಯ ಬಸೊಥೋ ಗಂಡಸರಲ್ಲಿ ಬಹಳ ಜನರ ಕತೆ ಇದೇ. ಕಲ್ಲು ಎಲ್ಲಿ ಸಡಿಲ, ಎಲ್ಲಿ ಬಿಗಿ, ನೀರು ಯಾವ ಸಂದಿಯಿಂದ ಬರುತ್ತದೆ ಎಂದು ನೋಡುವ ಕಣ್ಣು ಅವರಿಗೆ ಗಣಿಯಲ್ಲೇ ಬಂದಿರಬೇಕು.

ಆವರಣದ ಹಿಂಬದಿಯ ಕಲ್ಲುಕಟ್ಟೆಯಲ್ಲಿ ಎರಡು ಹಳೆಯ ಖರೇತ್ಸಾಗಳಿದ್ದವು, ಹಿಂದೆ ಯಾವ ಕಾಲದಲ್ಲೋ ನೆಟ್ಟದ್ದು. ಕಟ್ಟೆಯ ಮೇಲೆ ಸಮನಾದ ಜಾಗವಿತ್ತು. ಒಂದು ಹಿಡಿ ಗೊಬ್ಬರ ಹಾಕಿದರೆ ಏನೂ ಬೆಳೆಯುವಂಥ ಮಣ್ಣು. ಅಲ್ಲಿ ನ್ತಾತೆ ಎಲೆಕೋಸು ಹಾಕುತ್ತಿದ್ದರು. ಖರೇತ್ಸಾ ಇದ್ದದ್ದು ಕಟ್ಟೆಯ ಮುಖದಲ್ಲಿ, ಕಲ್ಲುಗಳ ನಡುವಿನ ಕಿಂಡಿಯಲ್ಲಿ, ಹೊರಗೆ ಮುಖ ಮಾಡಿ. ಕಟ್ಟೆಯ ಹಿಂದೆ ಬೆರಳಗಲದ ಒಂದು ಕಾಲುವೆ. ಮೇಲಿನ ಊಟೆಯಿಂದ ಬಂದ ನೀರು ಅದರಲ್ಲಿ ಹರಿದು, ಕಲ್ಲಿನ ಬೆನ್ನಿಗೆ ಜಿನುಗಿ, ಗಿಡದ ಬೇರು ಸವರಿಕೊಂಡು ಕೆಳಗಿನ ಚರಂಡಿ ಸೇರುತ್ತಿತ್ತು. “ಗಿಡಕ್ಕೆ ನೀರು ಹಾಕಬೇಡಿ ನ್ತಾತೆ, ಕಟ್ಟೆಗೆ ಹಾಕಿ. ಗಿಡ ತನ್ನ ಪಾಲು ತಗೊಳ್ಳುತ್ತೆ” ಎಂದರು ಒಮ್ಮೆ. ಆಮೇಲೆ ಈ ಗಿಡದ ಆರೈಕೆಯ ಬಗ್ಗೆ ಎಷ್ಟೋ ಓದಿದ್ದೇನೆ. ಎಲ್ಲವೂ ಈ ಮಾತಿನ ವಿಸ್ತರಣೆಯೇ. ಬೇರು ತಂಪಾಗಿರಬೇಕು, ನೀರು ಹರಿಯುತ್ತಿರಬೇಕು, ಸುಳಿಯಲ್ಲಿ ತೇವ ನಿಲ್ಲಬಾರದು, ಗಾಳಿ ಆಡಬೇಕು. ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬಿಸಿಲಿಗಿಟ್ಟರೆ ಎಲೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಬೇರು ಕಾದು, ಬೂಷ್ಟು ಹಿಡಿದು, ಒಂದು ದಿನ ಇಡೀ ಗಿಡ ಕೈಗೆ ಕಿತ್ತು ಬರುತ್ತದೆ.

ಎರಡೂ ಗಿಡ ಒಟ್ಟಿಗೆ ಹೂ ಬಿಟ್ಟ ವರ್ಷ ನಾವು ಬೀಜಕ್ಕೆ ಕೈಹಾಕಿದೆವು. ಅಲ್ಲಿ ಋತುಗಳು ನಮ್ಮದಕ್ಕೆ ತಿರುಗುಮುರುಗು: ಯುಗಾದಿಗೆ ಎಲೆ ಉದುರುತ್ತದೆ, ನವರಾತ್ರಿಗೆ ವಸಂತ. ಸೆಪ್ಟೆಂಬರ್ ಹೊತ್ತಿಗೆ ಸುಳಿಯ ನಡುವಿನಿಂದ ಕವಲೊಡೆದ ದಂಟು ಎದ್ದು, ತುದಿಯಲ್ಲಿ ತೆಳುಗೆಂಪು ಹೂಗೊಂಚಲು ತುಂಬಿಕೊಂಡಿತು. ಅಲೋ ಕುಲದ ಬಹುಪಾಲು ಗಿಡಗಳು ತಮ್ಮದೇ ಪರಾಗಕ್ಕೆ ಬೀಜ ಕಟ್ಟುವುದಿಲ್ಲ. ಇನ್ನೊಂದು ಗಿಡದ್ದು ಬೇಕು. ಬೆಟ್ಟದಲ್ಲಿ ಈ ಕೆಲಸ ಮಾಡುವುದು ಮ್ಯಾಲಕೈಟ್ ಸೂರಕ್ಕಿ. ಗಂಡಿಗೆ ಲೋಹದ ಹೊಳಪಿನ ಹಸಿರು ಮೈ, ಉದ್ದನೆಯ ಬಾಲದ ಗರಿ, ಬಾಗಿದ ಕೊಕ್ಕು. ಮಕರಂದಕ್ಕೆ ಕೊಕ್ಕು ಇಳಿಸಿದಾಗ ಹಣೆಗೆ ಹಳದಿ ಪುಡಿ ಮೆತ್ತಿಕೊಳ್ಳುತ್ತದೆ. ಮುಂದಿನ ಗಿಡಕ್ಕೆ ಅದೇ ತಲೆಯಿಂದ ಹೋಗುತ್ತದೆ. ಎರಡು ಗಿಡಗಳ ನಡುವಿನ ದೂರ ಹೆಚ್ಚಿದಷ್ಟೂ ಈ ಸಾಗಾಟ ಕಡಿಮೆ. ಹಾಗಾಗಿ ಬೆಟ್ಟದಿಂದ ಒಂದು ಗಿಡ ಕಿತ್ತರೆ ಉಳಿದವುಗಳ ಬೀಜವೂ ಕಮ್ಮಿಯಾಗುತ್ತದೆ. ನಮ್ಮ ಕಟ್ಟೆಗೆ ಹಕ್ಕಿ ಬರುತ್ತಿತ್ತು. ಆದರೂ ನ್ತಾತೆ ನಂಬಿಕೆ ಸಾಲದೆ ಕೋಳಿಯ ಪುಕ್ಕದಿಂದ ತಾವೂ ಹೂವಿನಿಂದ ಹೂವಿಗೆ ಸವರಿದರು.

ಕಾಯಿ ಒಣಗಿ ಬಿರಿಯುವ ಮುಂಚೆ ಕಿತ್ತು ಕಾಗದದ ಮೇಲೆ ಹರಡಿದೆವು. ಅಂಚಿಗೆ ತೆಳು ರೆಕ್ಕೆಯಿರುವ ಚಪ್ಪಟೆ ಬೀಜ. ಹುಷಾರಿಲ್ಲದೆ ಉಸಿರು ಬಿಟ್ಟರೂ ಹಾರಿಹೋಗುತ್ತದೆ. ತಾಜಾ ಇದ್ದಾಗಲೇ ಬಿತ್ತಬೇಕು, ಮತ್ತು ತಂಪಿನಲ್ಲಿ. ಸೆಕೆಯಾದರೆ ಮೊಳಕೆ ಬರುವ ಮೊದಲೇ ಬೂಷ್ಟು ಬರುತ್ತದೆ. ಹೊಳೆಯ ಗರಸು, ಪುಡಿಗಲ್ಲು, ಸ್ವಲ್ಪವೇ ಎಲೆಗೊಬ್ಬರ ಬೆರೆಸಿ ತಗಡಿನ ಟ್ರೇಗಳಲ್ಲಿ ಹಾಕಿ, ಮೇಲೆ ಗಾಜು ಮುಚ್ಚಿ, ಚರ್ಚಿನ ನೆರಳಿನ ಬದಿಯಲ್ಲಿಟ್ಟೆವು. ಕೆಲವು ವಾರಗಳಲ್ಲಿ ಹುಲ್ಲಿನ ಎಸಳಿನಂಥವು ಎದ್ದವು.

ಸುರುಳಿಗಾಗಿ ಕಾಯುವವರಿಗೆ ಈ ಗಿಡ ತಾಳ್ಮೆ ಕಲಿಸುತ್ತದೆ. ಸಸಿಯ ಎಲೆಗಳು ಮೊದಲು ಎದುರು ಬದುರಾಗಿ ಎರಡೇ ಸಾಲಿನಲ್ಲಿ ಬರುತ್ತವೆ. ಯಾವುದೇ ಸಾಮಾನ್ಯ ಲೋಳೆಸರದ ಮರಿಯ ಹಾಗೆ. ಬರಬರುತ್ತ ಅವು ಸುತ್ತ ಹರಡಿಕೊಳ್ಳುತ್ತವೆ. ಗಿಡ ಒಂದು ಗೇಣಿನಷ್ಟು ಅಗಲವಾದ ಮೇಲಷ್ಟೇ, ವರ್ಷಗಳ ಮೇಲೆ, ಸಾಲುಗಳು ಒಂದು ಬದಿಗೆ ವಾಲಿ ಸುರುಳಿ ತೋರಿಸುತ್ತವೆ. ಅಷ್ಟರೊಳಗೆ ಚಳಿಗಾಲಗಳನ್ನು ದಾಟಿಸಬೇಕು. ಹಿಮ ಬಿದ್ದರೆ ಭಯವಿಲ್ಲ, ಅದು ಹೊದಿಕೆ. ಭಯ ಇರುವುದು ಹಿಮವಿಲ್ಲದ ತಿಳಿ ರಾತ್ರಿಗಳದ್ದು. ಹಸಿ ಮಣ್ಣಿನ ನೀರು ಸೂಜಿಸೂಜಿಯಾಗಿ ಹೆಪ್ಪುಗಟ್ಟಿ ಮೇಲೇಳುತ್ತದೆ. ಏಳುವಾಗ ಸಸಿಯನ್ನು ಬೇರುಸಮೇತ ಎತ್ತಿ ಹಾಕುತ್ತದೆ. ನ್ತಾತೆ ಬೆಳಗ್ಗೆ ಕಂಬಳಿ ಹೊದ್ದೇ ಬಂದು, ಎದ್ದ ಸಸಿಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಸುತ್ತ ಹರಳುಗಲ್ಲು ಹರಡುತ್ತಿದ್ದರು. ಕಲ್ಲಿನ ಹೊದಿಕೆಯಿದ್ದ ಕಡೆ ಸೂಜಿ ಏಳುತ್ತಿರಲಿಲ್ಲ. ಅವರ ತೋಟದಲ್ಲಿ ಮಣ್ಣಿಗಿಂತ ಕಲ್ಲಿಗೆ ಹೆಚ್ಚು ಕೆಲಸವಿತ್ತು.

ಸುರುಳಿ ಮೂಡಿದಾಗ ತರಗತಿಯಲ್ಲಿ ವಾದ ಎದ್ದಿತು. ದಕ್ಷಿಣಾರ್ಧಗೋಳದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ ಎಂದು ನಾನೇ ಪಾಠ ಮಾಡಿದ್ದೆ. ಹಾಗಾದರೆ ಖರೇತ್ಸಾವೂ ಅದೇ ದಿಕ್ಕಿಗೆ ತಿರುಗಬೇಕಲ್ಲ ಸರ್, ಎಂದಳು ಹಿಂದಿನ ಬೆಂಚಿನ ಹುಡುಗಿ. ಉತ್ತರ ಹೇಳುವ ಬದಲು ಎಲ್ಲರನ್ನೂ ಕಟ್ಟೆಗೆ, ಆಮೇಲೆ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಬಲಸುತ್ತಿನವೂ ಇದ್ದವು, ಎಡಸುತ್ತಿನವೂ ಇದ್ದವು, ಒಂದೇ ಬಂಡೆಯ ಮೇಲೆ ಅಕ್ಕಪಕ್ಕದಲ್ಲೇ ಇದ್ದವು. ಭೂಮಿಯ ತಿರುಗಾಟಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಮಕ್ಕಳು ತಾವೇ ತೀರ್ಮಾನಿಸಿದರು. ನನ್ನ ಮೇಷ್ಟ್ರಗಿರಿಯಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಆದ ನೆನಪಿಲ್ಲ.

ಆ ಬೆಟ್ಟದ ನಡಿಗೆಯಲ್ಲಿ ಗುಳಿಗಳನ್ನೂ ಕಂಡೆವು. ಗಿಡ ಅಗೆದು ಒಯ್ದ ಗುಳಿಗಳು. ಲೆಸೊಥೋದಲ್ಲಿ ಈ ಗಿಡಕ್ಕೆ 1938ರಿಂದಲೇ ಕಾನೂನಿನ ರಕ್ಷಣೆ ಇದೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೇ ಅನುಬಂಧದಲ್ಲಿ, ಅಂದರೆ ಅತ್ಯಂತ ಬಿಗಿಯಾದ ಪಟ್ಟಿಯಲ್ಲಿ, ಅದರ ಹೆಸರಿದೆ. ಅದು ಆ ದೇಶದ ಗುರುತಿನ ಗಿಡ. ಇಷ್ಟಿದ್ದೂ ರಸ್ತೆಯ ತಿರುವುಗಳಲ್ಲಿ ಹುಡುಗರು ಅದನ್ನು ಎತ್ತಿ ಹಿಡಿದು ಕಾರುಗಳಿಗೆ ತೋರಿಸುತ್ತಿದ್ದರು. ಗಡಿಯಾಚೆಯಿಂದ ಬಂದ ಪ್ರವಾಸಿಗಳು ಕೊಳ್ಳುತ್ತಿದ್ದರು.

ಕೊಂಡ ಗಿಡಕ್ಕೆ ಏನಾಗುತ್ತಿತ್ತು ಎಂಬುದನ್ನು ನ್ತಾತೆಯ ಕಟ್ಟೆ ನೋಡಿದ ಯಾರೂ ಊಹಿಸಬಹುದು. ಬಂಡೆಯ ಸಂದಿಯಿಂದ ಕೀಳುವಾಗ ಅರ್ಧ ಬೇರು ಅಲ್ಲೇ ಉಳಿಯುತ್ತದೆ. ಉಳಿದರ್ಧವನ್ನು ಬಿಸಿಯೂರಿನ ಹುಲ್ಲುಹಾಸಿನ ನಡುವೆ, ಸಮನೆಲದಲ್ಲಿ, ಮೇಲ್ಮುಖವಾಗಿ ನೆಡುತ್ತಾರೆ. ಸುಳಿಯಲ್ಲಿ ನೀರು ನಿಲ್ಲುತ್ತದೆ. ಎಲೆಗಳಲ್ಲಿ ಕೂಡಿಟ್ಟ ರಸದ ಬಲದಿಂದ ಗಿಡ ಕೆಲಕಾಲ ಚೆನ್ನಾಗಿ ಕಾಣುತ್ತದೆ, ಕೊಂಡವರಿಗೆ ನಾಟಿತು ಎಂಬ ಸಮಾಧಾನವಾಗುತ್ತದೆ, ನಂತರ ಸಾಯುತ್ತದೆ. ಸತ್ತದ್ದರ ಜಾಗಕ್ಕೆ ಇನ್ನೊಂದು ಬೇಕಾಗುತ್ತದೆ. ಹೀಗೆ ಅದರ ಮೇಲಿನ ಪ್ರೀತಿಯೇ ಅದನ್ನು ಬೆಟ್ಟದಿಂದ ಖಾಲಿ ಮಾಡಿತು.

ಹುಡುಗರನ್ನು ಬೈಯುವುದು ಸುಲಭ. ಸ್ಟಾಫ್ ರೂಮಿನಲ್ಲಿ ನಾವೂ ಬೈದಿದ್ದೇವೆ. ಒಮ್ಮೆ ನ್ತಾತೆಯ ಮುಂದೆ ಆ ಮಾತೆತ್ತಿದೆ. ಅವರು ಸಿಟ್ಟಾಗಲಿಲ್ಲ. “ನಮ್ಮ ಗಂಡಸರು ಗಣಿಗೆ ಹೋದರು, ಉಣ್ಣೆ ಹೋಯಿತು, ಈಗ ನೀರೂ ಹೋಗುತ್ತಿದೆ. ಎಲ್ಲ ಕೆಳಗೆ ಹೋಗುವಾಗ ಗಿಡ ಮಾತ್ರ ನಿಲ್ಲಬೇಕು ಅಂದರೆ ಹುಡುಗರಿಗೆ ಹೇಗೆ ಅರ್ಥವಾಗುತ್ತೆ ನ್ತಾತೆ?” ಎಂದರು. ಅವರು ಹೇಳಿದ ನೀರು ಅಂದರೆ ಆಗ ಕಟ್ಟುತ್ತಿದ್ದ ಕತ್ಸೆ ಅಣೆಕಟ್ಟಿನದು. ಮಲೂಟಿಯ ಹೊಳೆಗಳನ್ನು ತಡೆದು, ಬೆಟ್ಟದೊಳಗೆ ಸುರಂಗ ಕೊರೆದು, ಜೊಹಾನ್ಸ್‌ಬರ್ಗ್ ಕಡೆಯ ಕೈಗಾರಿಕಾ ಪ್ರಾಂತ್ಯಕ್ಕೆ ನೀರು ಮಾರುವ ಯೋಜನೆ. 185 ಮೀಟರ್ ಎತ್ತರದ ಆ ಗೋಡೆ 1996ರಲ್ಲಿ ಎದ್ದು ನಿಂತಿತು.

ಆ ಯೋಜನೆಯಿಂದಲೇ ಗಿಡಗಳಿಗೊಂದು ನೆಲೆಯೂ ಆಯಿತು ಎಂಬುದನ್ನು ಹೇಳದಿದ್ದರೆ ಅನ್ಯಾಯ. ಮುಳುಗಲಿದ್ದ ಕಣಿವೆಯ ಸಸ್ಯಗಳನ್ನು ಎತ್ತಿ ತಂದು ಅಣೆಕಟ್ಟಿನ ಪಕ್ಕದಲ್ಲಿ ಕತ್ಸೆ ಸಸ್ಯೋದ್ಯಾನ ಮಾಡಿದರು. ಅಲ್ಲಿ ಖರೇತ್ಸಾವನ್ನು ಬೀಜದಿಂದ ಬೆಳೆಸುತ್ತಾರೆ. ಅದಕ್ಕೂ ಮೊದಲೇ, 1983ರಲ್ಲಿ, ‘ಬೊಥಾಲಿಯಾ’ ಎಂಬ ದಕ್ಷಿಣ ಆಫ್ರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಈ ಗಿಡದ ಸಂರಕ್ಷಣೆಯ ಬಗ್ಗೆ ಒಂದು ಲೇಖನ ಬಂದಿತ್ತು. ಬರೆದವರು ಎಸ್. ತಾಲೂಕ್ದಾರ್. ನಮ್ಮ ಕಡೆಯದೆಂದು ಕೇಳಿಸುವ ಆ ಹೆಸರನ್ನು ಅಷ್ಟು ದೂರದ ಪತ್ರಿಕೆಯಲ್ಲಿ ಓದಿ ನನಗೆ ವಿಚಿತ್ರ ಸಂತೋಷವಾಗಿತ್ತು. ಮುಂದೆ 2001ರಲ್ಲಿ ದಕ್ಷಿಣ ಆಫ್ರಿಕದ ಸಂಶೋಧಕರು ಅಂಗಾಂಶ ಕೃಷಿಯಿಂದ ಇದನ್ನು ಹೆಚ್ಚಿಸುವ ವಿಧಾನ ಪ್ರಕಟಿಸಿದರು. ಕ್ಯಾಲಿಫೋರ್ನಿಯದ ಕಡಲ ಮಂಜಿನ ತಂಪು ಊರುಗಳಲ್ಲಿ ಇಂದು ಬೀಜದಿಂದ, ಅಂಗಾಂಶದಿಂದ ಬೆಳೆದ ಸುರುಳಿ ಅಲೋಗಳು ಮನೆಮನೆಯ ಮುಂದಿವೆ. ಬೆಟ್ಟದ ಗಿಡವನ್ನು ಉಳಿಸುವಲ್ಲಿ ಕಾನೂನಿಗಿಂತ ಈ ನರ್ಸರಿ ಸಸಿಗಳದ್ದೇ ಹೆಚ್ಚಿನ ಪಾಲು ಎಂದು ನನ್ನ ಎಣಿಕೆ. ಕದ್ದ ಗಿಡಕ್ಕಿಂತ ಸಾಕಿದ ಗಿಡ ಚೆನ್ನಾಗಿ ಬದುಕುತ್ತದೆ ಎಂದು ಗೊತ್ತಾದ ಮೇಲೆ ಕದ್ದದ್ದನ್ನು ಕೊಳ್ಳಲು ಕಾರಣ ಕಡಿಮೆ.

ನಮ್ಮ ಸಸಿಗಳಲ್ಲಿ ಬದುಕಿದವನ್ನು ಎಲ್ಲಿ ನೆಡಬೇಕೆಂದು ಚರ್ಚೆಯಾದಾಗ ನ್ತಾತೆ ಶಾಲೆಯ ಆಟದ ಮೈದಾನದ ಅಂಚಿನ ದಿಬ್ಬ ತೋರಿಸಿದರು. ಅಲ್ಲಿ ಮಳೆಗೆ ಮಣ್ಣು ಕೊಚ್ಚಿ ಕೊರಕಲು ಬಿದ್ದಿತ್ತು. ಹುಡುಗರೆಲ್ಲ ಕಲ್ಲು ಹೊತ್ತು ಮೆಟ್ಟಿಲುಗೋಡೆ ಕಟ್ಟಿದರು. ಹಿಂದೆ ಕಾಲುವೆ ತೆಗೆದರು. ಕುರಿ ತುಳಿಯದಂತೆ ಕತ್ತಾಳೆಯ ಬೇಲಿ ಹಾಕಿದರು. ಸಸಿ ನೆಟ್ಟದ್ದು ಎಲ್ಲಕ್ಕಿಂತ ಕೊನೆಗೆ, ಒಂದು ಮಧ್ಯಾಹ್ನದ ಕೆಲಸ. ಅಪರೂಪದ ಗಿಡ ಸಾಕುವುದೆಂದರೆ ಮುಕ್ಕಾಲು ಪಾಲು ಅದಕ್ಕೊಂದು ಜಾಗ ಸಾಕುವುದು ಎಂದು ನನಗೆ ಸ್ಪಷ್ಟವಾದದ್ದು ಅಲ್ಲಿ. ಇಳಿಜಾರು, ಕಲ್ಲು, ಹರಿಯುವ ತಣ್ಣೀರು, ಹೂವಿಗೆ ಬರುವ ಹಕ್ಕಿ, ಅಕ್ಕಪಕ್ಕದಲ್ಲಿ ಇನ್ನೊಂದು ಗಿಡ: ಇಷ್ಟನ್ನೂ ನೋಡಿಕೊಂಡರೆ ಖರೇತ್ಸಾ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಇವುಗಳಲ್ಲಿ ಒಂದನ್ನೂ ಕೊಡದೆ ಗಿಡವನ್ನು ಮಾತ್ರ ಮನೆಗೆ ತರುವವನು, ಎಷ್ಟೇ ಅಕ್ಕರೆಯವನಾದರೂ, ಅದರ ಕೊನೆಯ ಯಜಮಾನ.

ಊರಿಗೆ ಹೊರಟಾಗ ಸಹೋದ್ಯೋಗಿಯೊಬ್ಬರು ಒಂದು ಸಸಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ, ಯಾರು ನೋಡುತ್ತಾರೆ ಎಂದರು. ಎರಡೂ ದೇಶಗಳ ಪರವಾನಗಿ ಕಾಗದ ಬೇಕೆಂಬುದು ಒಂದು ಮಾತು. ವಿಜಯಪುರದ ನಲವತ್ತು ಡಿಗ್ರಿಯಲ್ಲಿ ಅದು ಏನು ಮಾಡೀತು ಎಂಬುದು ಇನ್ನೊಂದು. ಅವ್ವ ಬಾಗಿಲಿಗೆ ಕಟ್ಟಲು ಅಣಿಯಾಗುತ್ತಿದ್ದಳು, ಅಷ್ಟೇ.

ಈಗ ಬೆಂಗಳೂರಿನಲ್ಲಿದ್ದೇನೆ. ಅಂಗೈಯ ಫೋನಿನಲ್ಲಿ ಸುರುಳಿ ಅಲೋದ ಫೋಟೋ ನೋಡಿದ ಗೆಳೆಯರು, ಅವರ ಮಕ್ಕಳು, ಇದು ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ನೀಲಿ, ಕೆಂಪು, ನೇರಳೆ ಬಣ್ಣದ ಸುರುಳಿ ಅಲೋ ಎಂದು ಬೀಜದ ಪೊಟ್ಟಣ ಮಾರುವವರೂ ಇದ್ದಾರೆ. ಅಂಥ ಬಣ್ಣದ ಖರೇತ್ಸಾ ಇಲ್ಲ, ಪೊಟ್ಟಣದಲ್ಲಿ ಇರುವುದು ಬೇರೇನೋ. ನಾನು ಅವರಿಗೆ ಮೊದಲು ಕೇಳುವುದು ಮನೆ ಎಲ್ಲಿ ಎಂದು. ತಾರಸಿಯ ಮೇಲೆ ಬಿಸಿಲಿಗೆ ಕಾಯುವ ಕುಂಡವಾದರೆ ಬೇಡ, ನಮ್ಮ ಲೋಳೆಸರವೇ ಲೇಸು. ಊಟಿ, ಕೊಡೈಕೆನಾಲ್ ಕಡೆ ತಂಪಿನ ಇಳಿಜಾರಿನಲ್ಲಿ ಮನೆಯಿದ್ದು, ಓರೆಯಾಗಿ ನೆಡುವ, ಕಲ್ಲು ಹೊರುವ, ವರ್ಷಗಟ್ಟಲೆ ಸುರುಳಿಗೆ ಕಾಯುವ ಮನಸ್ಸಿದ್ದರೆ ಮಾತ್ರ ಮುಂದಿನ ಮಾತು. ಆಗಲೂ ಮಾರುವವರನ್ನು ಎರಡು ಪ್ರಶ್ನೆ ಕೇಳಿ: ಇದು ಬೀಜದಿಂದ ಬೆಳೆದದ್ದೇ? ಕಾಗದಪತ್ರ ಎಲ್ಲಿ? ಉತ್ತರಕ್ಕೆ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ. ಗಿಡದ ಆರೈಕೆ ಅಲ್ಲಿಂದಲೇ ಶುರು.